ಒಳಕೋಣೆಯ ಹೊರಗೆ ಬಿಟ್ಟ ಚಪ್ಪಲಿ

ನನಗೆ ಕೊಟ್ಟ ಮೇಜು ಠಾಣೆಯ ಬಾಗಿಲು ದಾಟಿದ ಕೂಡಲೇ ಎಡಗಡೆ, ಕುಡಿಯುವ ನೀರಿನ ಕ್ಯಾನಿಗೆ ತಾಗಿಕೊಂಡೇ ಇತ್ತು. ಅದರ ಒಂದು ಕಾಲು ಗಿಡ್ಡ. ಮೊದಲ ದಿನ ಬರೆಯಲು ಕೈಯೂರಿದಾಗ ಮೇಜು ವಾಲಿ, ಪೆನ್ನು ಉರುಳಿ ಕ್ಯಾನಿನ ಕೆಳಗಿನ ಬಕೇಟಿಗೆ ಬಿತ್ತು. ಎದುರಿನ ಬೆಂಚಿನ ಮೇಲಿದ್ದ ಇಬ್ಬರು ಪೇದೆಗಳು ನೋಡಿದರು. ನಗಲಿಲ್ಲ. ನಕ್ಕಿದ್ದರೆ ನನಗೆ ಹಗುರಾಗುತ್ತಿತ್ತು.

ಜಿಲ್ಲೆಗೆ ಹೊಸದಾಗಿ ಬಂದಿದ್ದ ಹಿರಿಯ ಅಧಿಕಾರಿಯೊಬ್ಬರು ಮಾಡಿನೋಡಿದ ಪ್ರಯೋಗ ಅದು. ಠಾಣೆಗೆ ಬಂದವರ ದೂರನ್ನು ಪೊಲೀಸರಲ್ಲದ ಒಬ್ಬರು ಬರೆದುಕೊಳ್ಳಬೇಕು. ಪೊಲೀಸರೇ ಬರೆದರೆ ಶಾಯಿ ಆರುವ ಮೊದಲೇ ಯಾರಾದರೂ ದೊಡ್ಡವರ ಫೋನು ಬಂದು ಕಾಗದ ಹರಿದುಹೋಗುತ್ತದೆ ಎಂದು ಅವರು ನಮ್ಮೆದುರೇ ಹೇಳಿದ್ದರು. ರಾಯಚೂರಿನ ನಮ್ಮ ಓಣಿಯ ಮಹಿಳಾ ಮಂಡಳಿಗೆ ಹೇಳಿಕಳಿಸಿ, ಅಕ್ಷರ ಚೆನ್ನಾಗಿರುವ, ತಾಳ್ಮೆಯಿಂದ ಕೇಳುವ ಹೆಂಗಸರು ಬೇಕು ಎಂದರು. ನನ್ನ ಅಕ್ಷರ ಕಾನ್ವೆಂಟಿನ ಸಿಸ್ಟರುಗಳು ಬೆರಳಿಗೆ ಸ್ಕೇಲಿನಿಂದ ಹೊಡೆದು ದುಂಡಗೆ ಮಾಡಿದ್ದು. ತಾಳ್ಮೆ ಮದುವೆಯಾದ ಮೇಲೆ ಬಂದದ್ದು. ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ನೋಡುವ ನನ್ನ ಯಜಮಾನರು, ಹೋಗುವುದಾದರೆ ಹೋಗು, ಸಂಜೆ ಬಸ್ಸು ತಪ್ಪಿಸಿಕೊಳ್ಳಬೇಡ ಎಂದಷ್ಟೇ ಹೇಳಿದರು.

ಠಾಣೆಯ ಹೆಸರು ಬೇಡ. ದೇವದುರ್ಗದ ಕಡೆಗೂ ಮಾನ್ವಿಯ ಕಡೆಗೂ ಸೇರದಂತೆ ನಡುವೆ ಇದ್ದ ಒಂದು ಠಾಣೆ. ಕವಿತಾಳದ ಬಸ್ಸು ಹತ್ತಿ, ಇಳಿದು, ಅಲ್ಲಿಂದ ಟಂಟಂ ಆಟೋದಲ್ಲಿ ಹೋಗಬೇಕು.

ಮಾನ್ವಿಯಲ್ಲಿ ನಮಗೆ ತರಬೇತಿ ಕೊಟ್ಟಿದ್ದರು. ಮೊದಲು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಬೇಕು. ನಾವಾಗಿ ಅವರ ಬಾಯಿಗೆ ಮಾತು ಇಡಬಾರದು. "ಕೆಂಪು ಅಂಗಿ ಹಾಕಿದ್ದನಾ" ಎನ್ನದೆ "ಏನು ಹಾಕಿದ್ದ" ಎನ್ನಬೇಕು. ಅವರ ಮಾತಿನಲ್ಲೇ ಬರೆದು, ಗಟ್ಟಿಯಾಗಿ ಓದಿ, ಸಹಿ ಇಲ್ಲವೇ ಹೆಬ್ಬೆಟ್ಟು ಪಡೆಯಬೇಕು. ಒಂದು ಪ್ರತಿ ಅವರಿಗೆ, ಒಂದು ಠಾಣೆಗೆ. ಕೊನೆಯದಾಗಿ, ಆ ಹಿರಿಯ ಅಧಿಕಾರಿಯ ಕಚೇರಿ ಕೊಟ್ಟ ಮೊಬೈಲಿನಲ್ಲಿ ಅದರ ಫೋಟೋ ತೆಗೆದು ಅವರು ಎದ್ದುಹೋಗುವ ಮೊದಲೇ ರಾಯಚೂರಿನ ಆ ಕಚೇರಿಗೆ ಕಳಿಸಬೇಕು. ಒಮ್ಮೆ ಹೋಯಿತೆಂದರೆ ಆ ದೂರನ್ನು ಇಲ್ಲ ಎನ್ನಲು ಬರುವುದಿಲ್ಲ. ಇಡೀ ಸುಧಾರಣೆ ಇದ್ದದ್ದು ಆ ಒಂದು ಫೋಟೋದಲ್ಲಿ.

ಆದರೆ ನನ್ನ ಮೇಜಿನವರೆಗೆ ಜನ ಬರುವುದೇ ಕಡಿಮೆಯಿತ್ತು. ಗೇಟಿನ ಪೇದೆ ಮೊದಲು ಕೇಳುತ್ತಿದ್ದ ಪ್ರಶ್ನೆ, ಏನಾಯಿತು ಎಂದಲ್ಲ, ಯಾರ ಕಡೆಯವರು ಎಂದು. ಆ ಸೀಮೆಯಲ್ಲಿ ಎಲ್ಲರೂ ಧಣೇರು ಎಂದು ಕರೆಯುವ ರಾಜಕೀಯ ಮುಖಂಡರೊಬ್ಬರಿದ್ದರು. ಅವರ ಕಡೆಯವರಾದರೆ ನೇರ ಒಳಗೆ. ಅಲ್ಲದಿದ್ದರೆ ಬೇವಿನ ಗಿಡದ ಕೆಳಗೆ ನಿಂತು, ಯಾರನ್ನಾದರೂ ಹಿಡಿದು, ಅವರ ಕಡೆಯವರಾಗಿ ಬರಬೇಕು. ಜನಕ್ಕೂ ಇದು ತಪ್ಪೆನಿಸುತ್ತಿರಲಿಲ್ಲ. ನಾನೇ ಗೇಟಿಗೆ ಹೋಗಿ ಬನ್ನಿ ಎಂದು ಕರೆದರೆ, "ಇರಲಿ ತಗೋರಿ ಅಕ್ಕಾರ, ನಮ್ಮವರು ಬರ್ತಾರ" ಎಂದು ನಾಚಿಕೊಂಡು ಹಿಂದೆ ಸರಿಯುತ್ತಿದ್ದರು.

ಹೀಗಾಗಿ ಎಷ್ಟೋ ದಿನ ನಾನು ಖಾಲಿ ಕೂತೆ. ಡಬ್ಬಿ ಒಬ್ಬಳೇ ಬಿಚ್ಚುತ್ತಿದ್ದೆ. ರೊಟ್ಟಿ ಮುರಿದ ಸದ್ದು ಆ ಹಜಾರದಲ್ಲಿ ದೊಡ್ಡದಾಗಿ ಕೇಳುತ್ತಿತ್ತು. ನಾನು ನೀರಿಗೆ ಎದ್ದರೆ ಪೇದೆಗಳ ಮಾತು ನಿಲ್ಲುತ್ತಿತ್ತು, ಕೂತರೆ ಶುರುವಾಗುತ್ತಿತ್ತು. ಅತ್ತ ನಮ್ಮ ಓಣಿಯಲ್ಲಿ ನಾನು ಪೊಲೀಸ್ ಮೇಡಂ ಆಗಿದ್ದೆ. ಹಪ್ಪಳ ಒಣಹಾಕುತ್ತ ಮನೆಮಾತು ಹೇಳಿಕೊಳ್ಳುತ್ತಿದ್ದ ಹೆಂಗಸರು ಈಗ ಬಿಸಿಲಿನ ಮಾತು, ತರಕಾರಿಯ ಮಾತು ಆಡಿ ಎದ್ದುಬಿಡುತ್ತಿದ್ದರು.

ನನ್ನೊಡನೆ ಮಾತಾಡುತ್ತಿದ್ದವರು ಎಲ್ಲರೂ ದಫೇದಾರ್ ಎಂದು ಕರೆಯುತ್ತಿದ್ದ, ನಿವೃತ್ತಿಗೆ ಹತ್ತಿರವಾಗಿದ್ದ ಹೆಡ್ ಕಾನ್‌ಸ್ಟೆಬಲ್ ಒಬ್ಬರೇ. ಠಾಣೆಯ ಕಾಗದಪತ್ರವೆಲ್ಲ ಅವರ ಕೈಯಲ್ಲಿ. ಮನೆಗೆ ಫೋನು ಮಾಡುವಾಗ ದಖ್ಖನಿ ಉರ್ದುವಿನಲ್ಲಿ ಮೆಲ್ಲಗೆ, ಮಗುವನ್ನು ರಮಿಸುವಂತೆ ಮಾತಾಡುವರು. ನನ್ನ ಮೇಜಿನ ಗಿಡ್ಡ ಕಾಲಿಗೆ ಹಳೆಯ ಟೈರಿನ ತುಂಡು ಇಟ್ಟುಕೊಟ್ಟವರು ಅವರೇ.

ಕೂತಲ್ಲಿ ಕೂತು ನಾನು ನೋಡಲು ಕಲಿತದ್ದು ಒಂದಿದೆ. ಹಜಾರದಿಂದ ಒಳಕ್ಕೆ ಒಂದು ಇಕ್ಕಟ್ಟಾದ ದಾರಿ. ಅದರ ಬಲಕ್ಕೆ ಪಿಎಸ್ಐ ಸಾಹೇಬರ ಕೋಣೆ, ತುದಿಗೆ ವಿಚಾರಣೆಯ ಒಳಕೋಣೆ. ಮೇಜಿನಿಂದ ಅದು ಕಾಣದು, ನೀರು ಹಿಡಿಯಲು ಬಗ್ಗಿದರೆ ಕಾಣುತ್ತದೆ. ಆ ಎರಡು ಕೋಣೆಗಳಿಗೆ ಹೋಗುವ ಊರ ಜನ ಹೊಸ್ತಿಲ ಹೊರಗೆ ಚಪ್ಪಲಿ ಕಳಚುತ್ತಿದ್ದರು. ಕಳಚಿರಿ ಎಂದು ಯಾರೂ ಹೇಳುತ್ತಿರಲಿಲ್ಲ. ವಯಸ್ಸಿನಲ್ಲಿ ಚಿಕ್ಕವರಾದ ಪಿಎಸ್ಐ, ಇದೇನು ಗುಡಿಯಲ್ಲ, ಹಾಕಿಕೊಂಡೇ ಬನ್ನಿ ಎಂದು ಎಷ್ಟೋ ಸಲ ಹೇಳಿ ಸೋತಿದ್ದರು. ಹಿಡಿದು ತಂದವನೂ ಕೂಡ, ರಟ್ಟೆ ಪೊಲೀಸರ ಕೈಯಲ್ಲಿದ್ದರೂ, ಬಾಗಿಲ ಬಳಿ ಒಂದು ಕ್ಷಣ ನಿಂತು ಚಪ್ಪಲಿ ಬಿಟ್ಟು ಒಳಗೆ ಹೋಗುವುದನ್ನು ನಾನು ನೋಡಿದ್ದೇನೆ. ನಾನು ಆಶ್ಚರ್ಯಪಟ್ಟಾಗ ದಫೇದಾರ್ ಹೇಳಿದರು:

"ಗುಡಿ ಮುಂದ ಬಿಟ್ರ ಕಳವಾಗ್ತಾವ್ರಿ ಮೇಡಂ. ಇಲ್ಲಿ ಆ ಚಿಂತಿ ಇಲ್ಲ."

ಕ್ರಮೇಣ ನನಗೆ ಒಳಗೆ ಯಾರಿದ್ದಾರೆಂದು ಹೊಸ್ತಿಲು ನೋಡಿಯೇ ತಿಳಿಯತೊಡಗಿತು. ಧೂಳು ಹಿಡಿದ ರಬ್ಬರಿನ ಜೋಡು, ಹಿಮ್ಮಡಿ ಸವೆದದ್ದು, ಹೆಂಗಸರ ಪ್ಲಾಸ್ಟಿಕ್ಕಿನವು. ಧಣೇರ ಕಡೆಯಿಂದ ಆಗಾಗ ಬರುತ್ತಿದ್ದ ಒಬ್ಬ ಮಾತ್ರ ಬಿಳಿ ಬೂಟು ಟಕಟಕ ಮಾಡುತ್ತ ಹಾಗೆಯೇ ಒಳಗೆ ಹೋಗುತ್ತಿದ್ದ.

ಬಿಸಿಲು ಏರತೊಡಗಿದ ಒಂದು ಬೆಳಿಗ್ಗೆ ಆ ಹೆಂಗಸು ಬಂದಳು. ಕೈಯೆಲ್ಲ ಅರಿಶಿನ, ಉಗುರಿನ ಸಂದಿಯಲ್ಲಿ ಕಡಲೆಹಿಟ್ಟು ಒಣಗಿತ್ತು. ಗೇಟಿನ ಪೇದೆ ಯಾರ ಕಡೆಯವಳು ಎಂದು ಕೇಳಿದ್ದು ನನಗೆ ಕೇಳಿಸಿತು. ಆಕೆ ನಿಲ್ಲದೆಯೇ ಉತ್ತರ ಕೊಟ್ಟಳು:

"ನನ್ನ ಗಂಡನ ಕಡಿಯಾಕಿ."

ಅವನು ನಕ್ಕನೋ ಏನೋ, ಬಿಟ್ಟ.

ಅವಳೂ ಅವಳ ಗಂಡನೂ ಹೊಳೆಯ ರಸ್ತೆಯಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿಯ ಹೋಟೆಲು ಇಟ್ಟಿದ್ದರು. ಆ ರಸ್ತೆಯಲ್ಲಿ ಕೃಷ್ಣೆಯ ಮರಳು ತುಂಬಿದ ಟಿಪ್ಪರುಗಳು ಓಡುತ್ತಿದ್ದವು. ಅವು ಯಾರವು ಎಂದು ಎಲ್ಲರಿಗೂ ಗೊತ್ತು. ಒಂದು ಟಿಪ್ಪರು ಹೋಟೆಲಿನ ತಗಡಿನ ಶೆಡ್ಡಿನ ಕಂಬ ಮುರಿದುಕೊಂಡು ಹೋದಾಗ ಅವಳ ಗಂಡ ಎದುರು ನಿಂತು ವಿಡಿಯೋ ತೆಗೆದಿದ್ದ, ಹೋಟೆಲಿಗೆ ಬಂದವರಿಗೆಲ್ಲ ತೋರಿಸಿದ್ದ. ಆ ಬೆಳಿಗ್ಗೆ ಎಣ್ಣೆ ಕಾಯಲಿಟ್ಟ ಹೊತ್ತಿಗೆ ಬೈಕಿನಲ್ಲಿ ಇಬ್ಬರು ಪೊಲೀಸರು ಬಂದು, ಮಾತಾಡುವುದಿದೆ ಬಾ ಎಂದು ಅವನನ್ನು ನಡುವೆ ಕೂರಿಸಿಕೊಂಡು ಹೋದರು. ಆಮೇಲೆ ಅವನ ಫೋನು ಬಂದ್. ಠಾಣೆಗೆ ಫೋನು ಮಾಡಿದರೆ ಅಂಥವರು ಯಾರೂ ಇಲ್ಲ ಎಂದರಂತೆ.

"ಹೊಡಿಬ್ಯಾಡ್ರಿ ಅಂತ ಕೇಳಾಕ ಬಂದಿಲ್ರಿ ಅಕ್ಕಾ," ಎಂದಳು. "ಇಲ್ಲಿ ಅದಾರೋ ಇಲ್ಲೋ, ಅಷ್ಟು ಬಾಯಿಬಿಟ್ಟು ಹೇಳಸ್ರಿ."

ಅವಳು ಕೇಳಿದ್ದು ಸಣ್ಣದಲ್ಲ. ಹಿಡಿದವನನ್ನು ಒಂದು ದಿನದೊಳಗೆ ಕೋರ್ಟಿನ ಮುಂದೆ ನಿಲ್ಲಿಸಬೇಕು ಎಂಬುದು ಕಾನೂನು. ಆದರೆ ಆ ಒಂದು ದಿನ ಶುರುವಾಗುವುದು ಹಿಡಿದೆವು ಎಂದು ಬರೆದಾಗ. ಎಲ್ಲೂ ಹೆಸರಿಲ್ಲದ ಮನುಷ್ಯನನ್ನು ಯಾರದೋ ತೋಟದ ಮನೆಗೆ ಒಯ್ದರೂ ಕೇಳುವವರಿಲ್ಲ. ಹಿಂದೊಮ್ಮೆ ಹಾಗಾಗಿತ್ತೆಂದು ಅವಳೇ ಹೇಳಿದಳು.

ನಾನು ದಫೇದಾರರನ್ನು ಕೇಳಿದೆ. ಅವರು ಕಾಗದದಿಂದ ಕಣ್ಣೆತ್ತದೆ, ಯಾರೂ ಇಲ್ಲ ಎಂದರು. ನೀರು ಹಿಡಿಯುವ ನೆಪದಲ್ಲಿ ಬಗ್ಗಿದೆ. ಒಳಕೋಣೆಯ ಬಾಗಿಲು ಮುಚ್ಚಿತ್ತು. ಹೊರಗೆ ಒಂದು ಜೊತೆ ಗಂಡಸರ ಚಪ್ಪಲಿ. ಎಡಗಾಲಿನದರ ಪಟ್ಟಿ ಕಿತ್ತು ಹೋದದ್ದನ್ನು ಹಸಿರು ದಾರದಿಂದ ಹೊಲಿದಿದ್ದರು, ಸೀರೆಯ ಅಂಚು ಹೊಲಿಯುವ ಹಾಗೆ ಒತ್ತೊತ್ತಾಗಿ. ಎಣ್ಣೆ ಬಿದ್ದ ಕಲೆಗಳಿದ್ದವು.

ಬಂದು ಕೂತು, ತರಬೇತಿಯಲ್ಲಿ ಹೇಳಿದಂತೆ, ಅವಳ ಗಂಡ ಕಾಲಿಗೆ ಏನು ಹಾಕಿದ್ದ ಎಂದಷ್ಟೇ ಕೇಳಿದೆ.

"ಕಾಲ್ಮರಿ ರೀ. ಎಡಗಡಿದು ಹರದಿತ್ತು, ನಾನಾ ಹೊಲದು ಕೊಟ್ಟೀನಿ. ಹಸರು ದಾರದ್ಲೆ." ಅವಳು ನನ್ನ ಮುಖ ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡು ಕೂತಳು.

ಪಿಎಸ್ಐ ಮಾನ್ವಿಯಲ್ಲಿ ಯಾವುದೋ ಕಾರ್ಯಕ್ರಮದ ಬಂದೋಬಸ್ತಿಗೆ ಹೋಗಿದ್ದರು. ಫೋನು ಮಾಡಿದೆ. ಹಿಂದೆ ಧ್ವನಿವರ್ಧಕದ ಗದ್ದಲ. ಒಂದು ತಾಸು ಏನೂ ಬರೆಯಬೇಡಿ, ನಾನು ಬಂದು ನೋಡುತ್ತೇನೆ ಎಂದರು. ಅವರ ಮೇಲೆ ನನಗೆ ಗೌರವವಿತ್ತು. ನನಗೆ ಕುರ್ಚಿ ಕೊಡಿಸಿದವರು, ಹೆಂಗಸರೊಡನೆ ದನಿ ಎತ್ತದವರು. ಆಯಿತು ಎಂದೆ. ನಾವಿಬ್ಬರೂ ಕಾದೆವು. ಅವಳ ತವರು ಮಲ್ಲಟ, ಇಬ್ಬರು ಹೆಣ್ಣುಮಕ್ಕಳನ್ನು ಪಕ್ಕದ ಹೊಲದವರ ಹತ್ತಿರ ಬಿಟ್ಟು ಬಂದಿದ್ದಾಳೆ ಎಂದು ಆಗ ತಿಳಿಯಿತು. ಬಿಳಿ ಬೂಟಿನವನು ಬಂದು, ಒಳಗೆ ಹೋಗಿ, ಹೊರಗೆ ಬಂದ. ಹೋಗುವಾಗ ಅವಳ ಕಡೆ ನೋಡಲೇ ಇಲ್ಲ, ನನ್ನ ಮೇಜನ್ನು ನೋಡಿದ.

ತಾಸು ಕಳೆಯಿತು, ಸಾಹೇಬರು ಬರಲಿಲ್ಲ. ಮತ್ತೆ ನೀರಿಗೆ ಬಗ್ಗಿ ನೋಡಿದೆ. ಬಾಗಿಲು ಮುಚ್ಚಿಯೇ ಇತ್ತು. ಚಪ್ಪಲಿ ಇರಲಿಲ್ಲ. ಅವು ಇದ್ದ ಜಾಗದಲ್ಲಿ ಧೂಳಿಲ್ಲದ ಎರಡು ಗುರುತು ಮಾತ್ರ. ಗೋಡೆಯ ಮೇಲಿನ ಕ್ಯಾಮೆರಾ ರಿಪೇರಿಗೆ ಹೋಗಿ ಬಹಳ ಕಾಲವಾಗಿತ್ತು, ಅದರ ವೈರು ಜೋತಾಡುತ್ತಿತ್ತು.

ಆ ಕೋಣೆಯಿಂದ ಹೊರಗೆ ಬರುವವನು ನನ್ನ ಎದುರಿನ ಹಜಾರದಲ್ಲೇ ಹಾಯಬೇಕು, ಇಲ್ಲವೇ ಹಿತ್ತಿಲ ಬಾಗಿಲಿನಿಂದ ಹೋಗಬೇಕು. ಹಿತ್ತಿಲ ಬಾಗಿಲಿನ ಅಗುಳಿ ಸದ್ದು ಮಾಡುವಂಥದ್ದು, ಅದು ಕೇಳಿಸಿರಲಿಲ್ಲ. ಅಂದರೆ ಮನುಷ್ಯ ಒಳಗೇ ಇದ್ದಾನೆ. ಚಪ್ಪಲಿ ಮಾತ್ರ ಹೋಗಿದೆ. ನಾನು ದಫೇದಾರರ ಕಡೆ ನೋಡಿದೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು.

ನಾನು ಬರೆಯತೊಡಗಿದೆ. ಎಣ್ಣೆ ಕಾಯಲಿಟ್ಟಲ್ಲಿಂದ ಶುರುಮಾಡಿ ಅವಳು ಹೇಳಿದಂತೆಯೇ ಬರೆದೆ, ಓದಿದೆ. ಬೈಕಿನಲ್ಲಿ ಬಂದವರ ಮುಖ ನೋಡಿದರೆ ಗುರುತು ಹಿಡಿಯುತ್ತೇನೆ ಎಂಬುದನ್ನು ಸೇರಿಸಲು ಹೇಳಿದಳು, ಸೇರಿಸಿದೆ. ಅವಳು ತನ್ನ ಹೆಸರಿನ ನಾಲ್ಕು ಅಕ್ಷರ ನಿಧಾನವಾಗಿ ಬರೆದಳು. ಅಲ್ಲಿಗೆ ನನ್ನ ಕೆಲಸ ಮುಗಿಯಬೇಕು.

ಆದರೆ ಆ ಕಾಗದದಲ್ಲಿ ಗಂಡನನ್ನು ಕರೆದೊಯ್ದರು ಎಂದಷ್ಟೇ ಇತ್ತು. ಠಾಣೆಯವರು, ಹಾಗೆ ಯಾರನ್ನೂ ತಂದಿಲ್ಲ ಎಂದು ಒಂದು ಸಾಲು ಬರೆದರೆ ಮುಗಿಯಿತು. ಚಪ್ಪಲಿಯನ್ನು ಅವಳು ಕಂಡಿರಲಿಲ್ಲ, ಕಂಡವಳು ನಾನು. ದೂರು ಬರೆದುಕೊಳ್ಳುವವರು ತಮ್ಮದೇನನ್ನೂ ಸೇರಿಸಬಾರದು ಎಂದು ಮಾನ್ವಿಯಲ್ಲಿ ಹೇಳಿದ್ದರು. ಒಳ್ಳೆಯ ನಿಯಮವೇ. ಅವಳ ಕಾಗದವನ್ನು ಹಾಗೆಯೇ ಬಿಟ್ಟು, ಇನ್ನೊಂದು ಬಿಳಿ ಹಾಳೆ ತೆಗೆದುಕೊಂಡು ನನ್ನ ಹೆಸರು, ಗಂಡನ ಹೆಸರು, ರಾಯಚೂರಿನ ವಿಳಾಸ ಬರೆದೆ. ಏನು ನೋಡಿದೆ, ಎಲ್ಲಿ ನಿಂತು ನೋಡಿದೆ, ಮತ್ತೆ ನೋಡಿದಾಗ ಏನು ಇರಲಿಲ್ಲ ಎಂದು ಬರೆದೆ. ಮನುಷ್ಯನನ್ನು ನೋಡಿದೆ ಎಂದು ಬರೆಯಲಿಲ್ಲ, ನೋಡಿರಲಿಲ್ಲವಲ್ಲ.

ದಫೇದಾರ್ ಎದ್ದು ಬಂದು ಮೇಜಿನ ಹತ್ತಿರ ನಿಂತರು.

"ಮೇಡಂ, ಆಕಿ ಕಾಗದ ಕಳಸ್ರಿ. ಅದು ನಿಮ್ ಡ್ಯೂಟಿ. ಎರಡನೇದು ಬ್ಯಾಡ. ಅದ್ರಾಗ ನಿಮ್ ಮನಿ ವಿಳಾಸ ಅದ."

ಬೆದರಿಸುವ ದನಿಯಲ್ಲ ಅದು. ತನ್ನ ಮನೆಯವರಿಗೆ ಹೇಳುವಂಥ ದನಿ.

"ಚಪ್ಪಲಿ ನೀವೇ ತಗದ್ರೇನ್ರಿ?" ಎಂದೆ.

ಅವರು ವಾಪಸು ಹೋಗಿ ಕೂತರು.

ಎರಡೂ ಹಾಳೆಗಳ ಫೋಟೋ ತೆಗೆದೆ. ಹಜಾರದೊಳಗೆ ಸಿಗ್ನಲ್ ಸಿಗಲಿಲ್ಲ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಮೊಬೈಲು ಹಿಡಿದು ಬೇವಿನ ಗಿಡದ ಕೆಳಗೆ ಹೋಗಿ ನಿಂತೆ. ಯಾರದೋ ಕಡೆಯವರಾಗಲು ಕಾಯುತ್ತಿದ್ದ ಮೂವರು ನಾಲ್ವರು ನನ್ನನ್ನು ನೋಡುತ್ತಿದ್ದರು. ಮೊದಲ ಹಾಳೆ ಹೋಯಿತು. ಎರಡನೆಯದಕ್ಕೆ ಬೆರಳು ಒತ್ತುವ ಮೊದಲು ಯಜಮಾನರಿಗೆ ಫೋನು ಮಾಡಿ ಕೇಳಲೇ ಎಂದು ಒಂದು ಸಲ ಅನ್ನಿಸಿತು. ಕೇಳಿದರೆ ಬೇಡ ಎನ್ನುತ್ತಾರೆ, ಬೇಡ ಎಂದ ಮೇಲೆ ಕಳಿಸಲಾಗದು. ಕೇಳದೆಯೇ ಒತ್ತಿದೆ.

ಸ್ವಲ್ಪ ಹೊತ್ತಿನಲ್ಲೇ ಒಳಗಿನ ಫೋನು ರಿಂಗಾಯಿತು. ದಫೇದಾರ್ ಎದ್ದುನಿಂತು ಮಾತಾಡಿದ್ದರಿಂದ ಅದು ರಾಯಚೂರಿನದು ಎಂದು ತಿಳಿಯಿತು. ಪಿಎಸ್ಐ ಜೀಪಿನಲ್ಲಿ ಬಂದರು, ನನ್ನ ಮೇಜಿನ ಮುಂದೆ ಹಾದರೂ ನಿಲ್ಲಲಿಲ್ಲ. ಮಧ್ಯಾಹ್ನ ಹಿತ್ತಿಲ ಅಗುಳಿ ಸದ್ದಾಯಿತು. ಅವಳು ಓಡಿದಳು, ನಾನು ಕಿಟಕಿಗೆ ಹೋದೆ. ಅವನು ಕಾದ ನೆಲದ ಮೇಲೆ ಬರಿಗಾಲಿನಲ್ಲಿ, ಪಾದದ ಅಂಚುಗಳನ್ನಷ್ಟೇ ಊರುತ್ತ ನಡೆಯುತ್ತಿದ್ದ. ಚಪ್ಪಲಿ ಕೈಯಲ್ಲಿದ್ದವು. ಪಾದ ಬಾತು ಅವುಗಳೊಳಗೆ ತೂರುತ್ತಿರಲಿಲ್ಲ. ಅವಳು ಚಪ್ಪಲಿ ಇಸಿದುಕೊಂಡು, ಅವನ ಕೈಯನ್ನು ತನ್ನ ಹೆಗಲ ಮೇಲೆ ಹಾಕಿಕೊಂಡಳು. ಇಬ್ಬರೂ ಹಿಂದಿರುಗಿ ನೋಡಲಿಲ್ಲ.

ಸಂಜೆ ಪಿಎಸ್ಐ ನನ್ನನ್ನು ಕರೆಸಿದರು. ಕೋಪವಿರಲಿಲ್ಲ, ದಣಿದಿದ್ದರು. ಚಹಾ ತರಿಸಿ, ತಾವು ಕುಡಿಯದೆ ಹೇಳಿದರು:

"ನಿಮಗ ಸುಳ್ಳು ಹೇಳಂಗಿಲ್ರಿ. ನನ್ನ ಇಲ್ಲಿ ಹಾಕಿಸ್ದವ್ರು ಧಣೇರು. ತಗಸೋರೂ ಅವರೇ. ನಡುವ ಎಷ್ಟು ಜಾಗ ಉಳಿತದೋ ಅಷ್ಟರಾಗ ನಾ ನೌಕ್ರಿ ಮಾಡಬೇಕು. ಇವತ್ತು ಆ ಜಾಗಾನೂ ಹೋತು."

ಆ ದಿನ ಸಂಜೆಯ ಬಸ್ಸು ತಪ್ಪಿತು.

ಆ ವಾರದಲ್ಲೇ ಅವಳು ಮತ್ತೆ ಬಂದಳು. ಈ ಸಲ ಗೇಟಿನಲ್ಲಿ ಯಾರೂ ಏನೂ ಕೇಳಲಿಲ್ಲ, ಬಿಳಿ ಬೂಟಿನವನು ಜೊತೆಗಿದ್ದ. ದೂರು ವಾಪಸು ಪಡೆಯುತ್ತೇನೆ, ಬರೆದುಕೊಡಿ ಎಂದಳು. ನಿಯಮದಂತೆ ಅದನ್ನೂ ನಾನೇ ಬರೆಯಬೇಕು. ಅವನನ್ನು ಹೊರಗೆ ಕಳಿಸಿದೆ. ದೂರುದಾರರೊಬ್ಬರೇ ಮಾತಾಡಬೇಕು ಎಂಬುದೂ ನಿಯಮ. ಅವನು ನಕ್ಕು ಹೋದ. ಅವನು ಹೋದ ಮೇಲೂ ಅವಳು ಅದನ್ನೇ ಹೇಳಿದಳು. ಗಂಡ ಆ ದಿನ ಮಲ್ಲಟಕ್ಕೆ ಹೋಗಿದ್ದ, ನನಗೆ ಅದು ತಿಳಿಯದೆ ಗಾಬರಿಯಾಗಿ ದೂರು ಕೊಟ್ಟೆ ಎಂದು. ಅವಳ ಮಾತಿನಲ್ಲೇ ಬರೆದೆ. ಗಟ್ಟಿಯಾಗಿ ಓದಿದೆ. ಅವಳು ಮೇಜಿನ ಮೇಲೆ ಬಗ್ಗಿ, ಸಹಿ ಮಾಡುತ್ತಲೇ ಹೇಳಿದಳು:

"ಶೆಡ್ಡು ಮತ್ತ ಹಾಕಿ ಕೊಟ್ಟಾರ್ರಿ ಅಕ್ಕಾ. ನಾವು ಅಲ್ಲೇ ಬಾಳ್ವಿ ಮಾಡಬೇಕಲ್ರೀ. ನೀವೂ ನಿಮ್ ಕಾಗದ ವಾಪಸ್ ತಗೊಂಬಿಡ್ರಿ."

ಅವಳಿಗೆ ನನ್ನ ಬಗ್ಗೆ ಕಾಳಜಿ ಇತ್ತು, ಅದು ದನಿಯಲ್ಲಿ ತಿಳಿಯುತ್ತಿತ್ತು. ನೋಡೋಣ ಎಂದೆ.

ಮುಂದಿನ ತಿಂಗಳು ಪಿಎಸ್ಐ ಅವರಿಗೆ ರಾಯಚೂರಿಗೆ ವರ್ಗವಾಯಿತು, ವೈರ್‌ಲೆಸ್ ಕೋಣೆಯ ಕೆಲಸ. ಪ್ರಯೋಗ ಶುರುಮಾಡಿದ ಹಿರಿಯ ಅಧಿಕಾರಿ ಬೇರೆ ಜಿಲ್ಲೆಗೆ ಹೋದರು. ನಾನು ಒಂದು ಬೆಳಿಗ್ಗೆ ಹೋದಾಗ ಮೇಜು ಇರಲಿಲ್ಲ, ನೀರಿನ ಕ್ಯಾನು ಅದರ ಜಾಗಕ್ಕೆ ಸರಿದಿತ್ತು. ಮೊಬೈಲು ವಾಪಸು ಕೊಟ್ಟು ಬಂದೆ. ದಫೇದಾರ್ ರಜೆಯ ಮೇಲಿದ್ದರು.

ಮನೆಯಲ್ಲಿ ಯಜಮಾನರು ಬೈಯಲಿಲ್ಲ. ಮಿಲ್ಲಿನ ಮಾಲೀಕರು ಅವರನ್ನು ಕರೆದು, ನಿಮ್ಮ ಮನೆಯವರಿಗೆ ಸ್ವಲ್ಪ ತಿಳಿಹೇಳಿ ಎಂದಿದ್ದರಂತೆ. ಅದನ್ನು ನನಗೆ ಅನ್ನಕ್ಕೆ ಮಜ್ಜಿಗೆ ಕಲಸಿಕೊಳ್ಳುತ್ತ, ಬೇರೆ ಯಾರದೋ ಸುದ್ದಿಯಂತೆ ಹೇಳಿದರು. ಏನು ಮಾಡಬೇಕೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಆಮೇಲೆ ಎಷ್ಟೋ ರಾತ್ರಿ ನಾವು ಟಿವಿಯ ಮುಂದೆ ಒಂದೇ ಸೋಫಾದ ಎರಡು ತುದಿಗೆ ಕೂತು ಎದ್ದೆವು.

ದೂರು ವಾಪಸಾದರೂ ನನ್ನ ಹಾಳೆ ರಾಯಚೂರಿನಲ್ಲಿ ಉಳಿದಿತ್ತು. ಅದಕ್ಕೊಂದು ವಿಚಾರಣೆ ಆಗಲೇಬೇಕಂತೆ. ನನ್ನನ್ನು ಆ ಕಚೇರಿಗೆ ಕರೆದರು. ಬೆಂಚಿನಲ್ಲಿ ಬಹಳ ಹೊತ್ತು ಕೂತ ಮೇಲೆ ಒಳಗೆ ಕರೆದ ಅಧಿಕಾರಿ ಮಧ್ಯವಯಸ್ಸಿನವರು, ಮಾತು ಮೆತ್ತಗೆ. ಪಕ್ಕದಲ್ಲಿ ಟೈಪಿಸ್ಟ್ ಕಂಪ್ಯೂಟರ್ ಮುಂದೆ ಕೂತಿದ್ದ. ಅವರು ಮೊದಲೇ ಪಡೆದಿದ್ದ ಹೇಳಿಕೆಗಳನ್ನು ಓದಿದರು. ಠಾಣೆಯವರು ಆ ದಿನ ಯಾರನ್ನೂ ತಂದಿಲ್ಲ ಎಂದಿದ್ದಾರೆ. ಗಂಡ ಮಲ್ಲಟದಲ್ಲಿದ್ದ ಎಂದು ಅವಳು ಹೇಳಿದ್ದಾಳೆ. ಗಂಡನೇ, ನಾನು ಮಲ್ಲಟದಲ್ಲಿದ್ದೆ, ನನ್ನನ್ನು ಯಾರೂ ಮುಟ್ಟಿಲ್ಲ ಎಂದು ಹೇಳಿ ಸಹಿ ಮಾಡಿದ್ದಾನೆ.

ಹಾಗಾದರೆ ಆ ಬೆಳಿಗ್ಗೆ ಅವನು ಆ ಕೋಣೆಯಲ್ಲಿದ್ದ ಎಂದು ಹೇಳುವವರು ಈಗ ನಾನೊಬ್ಬಳೇ ಎಂಬುದು ಆಗ ಮನಸ್ಸಿಗೆ ಬಂತು. ಏಟು ತಿಂದವನೂ ನನ್ನ ಜೊತೆಗಿಲ್ಲ. ಅವನ ಮೇಲೆ ಸಿಟ್ಟು ಬರಲಿಲ್ಲ. ಆ ಪಾದಗಳಲ್ಲಿ ಅವನು ದಿನಾ ಅದೇ ರಸ್ತೆಯಲ್ಲಿ ನಿಲ್ಲಬೇಕು.

"ಅವರಾ ಇಲ್ಲ ಅಂತಾರ್ರಿ ಮೇಡಂ," ಎಂದರು ಅಧಿಕಾರಿ. "ಬೇಕಾದ್ರ ನಿಮಗ ಸರಿಯಾಗಿ ಕಂಡಿಲ್ಲ ಅಂತ ಒಂದು ಸಾಲು ಹಾಕ್ತೀವಿ. ಮುಗೀತದ. ನೀವು ಮನಿ ಮಂದಿ, ನಿಮಗ ಇದರಾಗ ಏನದ?"

ಇಡೀ ಬೆಳಿಗ್ಗೆ ಬೆಂಚಿನ ಮೇಲೆ ಕೂತು ನಾನು ಏನೇನೋ ಹೇಳಲು ಜೋಡಿಸಿಕೊಂಡಿದ್ದೆ. ಅದರಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ನನಗ ಸರಿಯಾಗಿ ಕಂಡದ ರೀ," ಎಂದೆ.

ಅವರು ನನ್ನನ್ನು ನೋಡಿದರು, ಆಮೇಲೆ ಕಿಟಕಿಯ ಕಡೆ ನೋಡಿದರು. ಟೈಪಿಸ್ಟ್ ಕೀಲಿಗಳ ಮೇಲೆ ಬೆರಳಿಟ್ಟು ಕಾಯುತ್ತಿದ್ದ.

"ಹೊಡಿ," ಎಂದರು ಅವನಿಗೆ. "ಆಕಿ ಹೇಳಿದಂಗ ಹೊಡಿ."